ಪಂಪನ ಊರಾಗ ಈಗ ಎಷ್ಟು ಮಂದಿ?

ಅಣ್ಣಿಗೇರಿ ಅಂದಕೂಡಲೇ ನಾವೆಲ್ಲ ಪಂಪನ ಹೆಸರು ಹೇಳುತ್ತೇವೆ. ತಪ್ಪಲ್ಲ. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಸಿದ ಶಾಸನದಲ್ಲಿ ಅಣ್ಣಿಗೇರಿಯ ಜೋಯಿಸ ಸಿಂಘನ ಹೆಸರಿದೆ. ಅವನ ಮೊಮ್ಮಗಳು ಅಬ್ಬಣಬ್ಬೆಯೇ ಈ ಅಣ್ಣತಮ್ಮಂದಿರ ತಾಯಿ. 11ನೇ ಶತಮಾನದ ಅಮೃತೇಶ್ವರ ಗುಡಿ ಇನ್ನೂ ನಿಂತಿದೆ. ಕಲ್ಯಾಣದ ಚಾಲುಕ್ಯರ ಕೊನೆಯ ಅರಸ ನಾಲ್ಕನೇ ಸೋಮೇಶ್ವರ ಕೆಲಕಾಲ ಇಲ್ಲಿಂದಲೇ ಆಳಿದ.

ಆದರೆ ಇವತ್ತು ಊರಲ್ಲಿ ಎಷ್ಟು ಮಂದಿ ಇದ್ದೇವೆ ಅಂತ ಕೇಳಿ ನೋಡಿ. ಎಲ್ಲರ ಬಾಯಲ್ಲೂ 2011ರ ಲೆಕ್ಕ, 28 ಸಾವಿರದ ಆಸುಪಾಸು. 2001ರಲ್ಲಿ 25 ಸಾವಿರ ದಾಟಿತ್ತು. ಹತ್ತು ವರ್ಷದಲ್ಲಿ ನಾವು ಹೆಚ್ಚಿದ್ದು ಎರಡು ಮೂರು ಸಾವಿರ. ಅದೇ ಹತ್ತು ವರ್ಷದಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಒಂದೂವರೆ ಲಕ್ಷ ಮಂದಿ ಸೇರಿ 9.43 ಲಕ್ಷವಾಯಿತು. ಆ ಮಂದಿಯಲ್ಲಿ ನಮ್ಮ ಎರಿ ಸೀಮೆಯವರು ಎಷ್ಟೋ!

ಈ ನೆಲದಲ್ಲಿ ತಲೆ ಲೆಕ್ಕ ಹಗುರ ಮಾತಲ್ಲ. 2010ರಲ್ಲಿ ಗಟಾರ ಅಗೆಯುವಾಗ ಇಲ್ಲಿ ನೂರಾರು ತಲೆಬುರುಡೆ ಸಿಕ್ಕವು. ಯುದ್ಧದಲ್ಲಿ ಸತ್ತವರೋ ಬರದಲ್ಲಿ ಸತ್ತವರೋ ಅಂತ ವಾದ ನಡೆಯಿತು. ಇನ್ನು 1876-78ರ ಬರಕ್ಕೆ ಸರ್ಕಾರದ್ದೇ ಲೆಕ್ಕ ಇದೆ. ಗದಗ, ಹಾವೇರಿ ಕಡೆಯ ಊರುಗಳೂ ಸೇರಿದ್ದ ಅಂದಿನ ಧಾರವಾಡ ಜಿಲ್ಲೆಯಲ್ಲಿ 1872ರಲ್ಲಿ ಸುಮಾರು 9.88 ಲಕ್ಷ ಜನ. 1881ರಲ್ಲಿ 8.83 ಲಕ್ಷ. ಒಂದು ಲಕ್ಷಕ್ಕೂ ಹೆಚ್ಚು ಕಡಿಮೆ! ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಅಂತ ಈ ಅಂಕಿ ಬೇರೆ ಮಾಡಿ ಹೇಳುವುದಿಲ್ಲ. ಆದರೆ ಯಾರೋ ಎಣಿಸಿ ಬರೆದಿಟ್ಟಿದ್ದಕ್ಕೇ ನಮಗೆ ಇಷ್ಟಾದರೂ ಗೊತ್ತಾಯಿತು.

ಈಗ ಊರು ಬಿಡುವವರು ಸದ್ದಿಲ್ಲದೆ ಬಿಡುತ್ತಾರೆ. ಮಳೆ ನಂಬಿದ ಹೊಲದಲ್ಲಿ ಕಡಲೆ ಮುಗಿದರೆ ಕೂಲಿಯೂ ಮುಗಿಯಿತು. ಗೋವಾ, ಬೆಂಗಳೂರು ಅಂತ ಹೊರಟೇಬಿಡುತ್ತಾರೆ. ನಮ್ಮ ಓಣಿಯ ಅಜ್ಜಿಯೊಬ್ಬರನ್ನು ಮಾತಾಡಿಸಿದೆವು. "ಮನಿಯಾಗ ಏಳು ಮಂದಿ ಅದೇವಪಾ. ಆದ್ರ ದೀಪಾ ಹಚ್ಚಾಕಿ ನಾ ಒಬ್ಬಾಕಿನ" ಅಂದರು.

ಕೊರೊನಾದಿಂದ 2021ರ ಜನಗಣತಿ ತಪ್ಪಿತು. ಮುಂದಿನದು 2027ರ ಫೆಬ್ರುವರಿಯಲ್ಲಿ. ಮಾರ್ಚ್ 1ರ ನಡುರಾತ್ರಿಗೆ ಲೆಕ್ಕ ನಿಲ್ಲುತ್ತದೆ. ಆ ತಿಂಗಳು ಪೂರ್ತಿ ಹೊರಗಿದ್ದವರನ್ನು ಅವರು ಇರುವಲ್ಲೇ ಎಣಿಸಬೇಕು, ಇಲ್ಲಿ ಹೆಸರು ಬರೆಸುವಂತಿಲ್ಲ. ನಿಯಮ ಸರಿಯೇ. ಆದರೆ ಕಟ್ಟಡ ಕೆಲಸದ ತಗಡಿನ ಶೆಡ್ಡಿಗೆ ಎಣಿಸುವವರು ಹೋಗದಿದ್ದರೆ ಆ ಮನುಷ್ಯ ಗೋವಾದಲ್ಲೂ ಇಲ್ಲ, ಅಣ್ಣಿಗೇರಿಯಲ್ಲೂ ಇಲ್ಲ.

ಪುರಸಭೆಗೆ ಬರುವ ಅನುದಾನ ಜನಸಂಖ್ಯೆ ನೋಡುತ್ತದೆ. ಹದಿನೈದನೇ ಹಣಕಾಸು ಆಯೋಗ ಇಟ್ಟುಕೊಂಡಿದ್ದೂ 2011ರ ಲೆಕ್ಕವನ್ನೇ. ನವಲಗುಂದದಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾದೆವು ಅಂತ ಖುಷಿಪಟ್ಟೆವು. ಬೋರ್ಡು ಬಂದರೆ ಮಂದಿ ನಿಲ್ಲುತ್ತಾರೆಯೇ? ಸುಳ್ಳು ಹೆಸರು ಬರೆಸಿ ಊರನ್ನು ದೊಡ್ಡದು ಮಾಡುವುದು ನಮಗೆ ಬೇಡ. ನಮಗೆ ಬೇಕಾದದ್ದು ಬೀಗ ಹಾಕಿದ ಮನೆಗಳ ನಿಜವಾದ ಪಟ್ಟಿ. ಯಾವ ವಾರ್ಡಿನಲ್ಲಿ ಎಷ್ಟು ಮನೆ, ಯಾವ ತಿಂಗಳು ಖಾಲಿ, ದುಡಿಯಲು ಎಲ್ಲಿಗೆ ಹೋಗಿದ್ದಾರೆ. ಇದನ್ನು ಪುರಸಭೆಯೇ ಬರೆದುಕೊಳ್ಳಬಹುದು, ದಿಲ್ಲಿಯ ಅಪ್ಪಣೆ ಬೇಕಿಲ್ಲ.

ಹೊರಗಿರುವ ನಿಮ್ಮವರಿಗೆ ಫೆಬ್ರುವರಿಯಲ್ಲಿ ಒಂದು ಫೋನ್ ಮಾಡಿ: "ಎಣಿಸಾಕ ಬಂದಿದ್ರೇನು?" ಇಲ್ಲ ಅಂದರೆ ಅಲ್ಲಿಯ ವಾರ್ಡ್ ಕಚೇರಿಗೆ ಹೋಗಿ ಕೇಳಲು ಹೇಳಿ.