ಮನೆ ಬಾಗಿಲಿನ ಸೊಪ್ಪು



ಸೊಪ್ಪು, ಮದ್ದಿನ ಗಿಡಗಳನ್ನು ಬೆಳೆಸಿ ಅಡಿಗೆಯಲ್ಲಿ ಬಳಸಲು ಕಲಿಸುವ ಶಿಬಿರಗಳು ಈಗ ಪೇಟೆಗಳಲ್ಲಿ ನಡೆಯುತ್ತಿವೆ. ನೀಲಗಿರಿ, ವಯನಾಡುಗಳ ಚಹಾ ತೋಟದ ಲೈನುಗಳಲ್ಲೂ ಇವು ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.

ದೊಡ್ಡಪತ್ರೆಯ ತಂಬುಳಿ, ಒಂದೆಲಗದ ಚಟ್ನಿ, ಶುಂಠಿ ತುಳಸಿಯ ಕಷಾಯ ಇವನ್ನು ನಮ್ಮ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರೇ ಶಿಬಿರದ ಗುರುಗಳಾಗಲಿ. ನಾವು ಹೊಸದಾಗಿ ಕಲಿಯಬೇಕಾದದ್ದು ಸೊಪ್ಪನ್ನು ಎಲ್ಲಿಂದ ತರಬೇಕೆಂಬುದು. ಕೆಲಸ ಮುಗಿಸಿ ಬರುವಾಗ ಚಹಾ ಗಿಡಗಳ ನಡುವಿನ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ಬರುವುದು ಹಳೆಯ ರೂಢಿ. ಕಳೆನಾಶಕ, ಕೀಟನಾಶಕ ಹೊಡೆಯುವ ತೋಟದಲ್ಲಿ ಇದು ಅಪಾಯಕರ. ಕೆಲವು ವಿಷಗಳು ಗಿಡದ ಒಳಕ್ಕೇ ಇಳಿಯುವುದರಿಂದ ಸೊಪ್ಪನ್ನು ಎಷ್ಟು ತೊಳೆದರೂ ಹೋಗವು.

ಆದುದರಿಂದ ಮನೆಯ ಹಿಂದೆ ಒಂದು ಸಣ್ಣ ಮಡಿ ಮಾಡೋಣ. ಜಾಗವಿಲ್ಲದವರು ಅಡಿಗೆ ಎಣ್ಣೆಯ ಹಳೆಯ ಡಬ್ಬಕ್ಕೆ ತಳದಲ್ಲಿ ತೂತು ಕೊರೆದು ಮಣ್ಣು, ಗೊಬ್ಬರ ತುಂಬಲಿ. ದೊಡ್ಡಪತ್ರೆ, ಪುದೀನಗಳಿಗೆ ಬೀಜ ಬೇಡ, ಕಡ್ಡಿ ನೆಟ್ಟರೆ ಸಾಕು. ಒಂದೆಲಗಕ್ಕೆ ತೇವವಿರುವ ಮೂಲೆ ಬೇಕು. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಎತ್ತರದ ತೋಟಗಳಲ್ಲಿ ದೊಡ್ಡಪತ್ರೆಯ ಡಬ್ಬವನ್ನು ರಾತ್ರಿ ಒಳಗಿಡಬೇಕು. ಕೀಟನಾಶಕ ಬಂದ ಕ್ಯಾನುಗಳನ್ನು ಮಾತ್ರ ಗಿಡಕ್ಕಾಗಲಿ, ನೀರು ತುಂಬುವುದಕ್ಕಾಗಲಿ ಎಂದಿಗೂ ಬಳಸಕೂಡದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ದಂಟು ಮೊದಲಾದ ಸೊಪ್ಪುಗಳಲ್ಲಿ ಕಬ್ಬಿಣದ ಅಂಶವುಂಟು. ಆದರೆ ಊಟದ ಜೊತೆಗೇ ಚಹಾ ಕುಡಿದರೆ ಅದು ಮೈಗೆ ಹತ್ತುವುದು ಕಡಿಮೆ. ಚಹಾ ಕೀಳುವ ನಾವು ಇದನ್ನು ಮರೆಯಬಾರದು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿರಿ. ಊಟವಾಗಿ ಒಂದು ಗಂಟೆಯಾದರೂ ಕಳೆದ ಮೇಲೆ ಚಹಾ ಕುಡಿಯಿರಿ.

ಇನ್ನೆರಡು ಮಾತು. ದಿನವಿಡೀ ಬೆನ್ನಿಗೆ ಬುಟ್ಟಿ ಹೊತ್ತ ಹೆಂಗಸರ ಮೇಲೆ ಈ ಕೆಲಸವೂ ಬೀಳಬಾರದು. ಮಣ್ಣು ಅಗೆಯುವುದು, ನೀರು ಹೊರುವುದು ಗಂಡಸರ ಪಾಲಿಗಿರಲಿ. ಸೊಪ್ಪು ಆಸ್ಪತ್ರೆಯ ಬದಲಿಗಲ್ಲ, ನ್ಯಾಯವಾದ ಕೂಲಿಯ ಬದಲಿಗೂ ಅಲ್ಲ. ಜ್ವರ ಬಿಡದಿದ್ದರೆ, ಮಗುವಿಗೆ ಉಸಿರು ಕಟ್ಟಿದರೆ, ಕಷಾಯ ಕಾಯಿಸುತ್ತ ಕೂರದೆ ಡಾಕ್ಟರರ ಬಳಿಗೆ ಓಡಬೇಕು. ರಕ್ತಹೀನತೆಗೆ ಕೊಟ್ಟ ಮಾತ್ರೆಯನ್ನು ಸೊಪ್ಪು ತಿನ್ನುತ್ತೇವೆಂದು ಬಿಡಬಾರದು.

ಲೈನ್ ಮನೆ ತೋಟದ್ದು. ಕೆಲಸ ಮುಗಿದ ದಿನ ಬಿಟ್ಟು ಹೊರಡಬೇಕು. ಗಿಡದ ಕಡ್ಡಿಯನ್ನೂ ಅದರ ಬಳಕೆಯ ತಿಳಿವನ್ನೂ ನಾವು ಕೊಂಡೊಯ್ಯಬಹುದು. ಆ ತಿಳಿವಿರುವ ಹಿರಿಯರು ನಮ್ಮ ನಡುವೆ ಇರುವಾಗಲೇ ಪ್ರತಿ ಲೈನಿನಲ್ಲೂ ಒಂದು ಭಾನುವಾರ ಸಂಜೆ ಅವರ ಸುತ್ತ ಕೂಡಿರಿ. ಮಕ್ಕಳನ್ನೂ ಕರೆತನ್ನಿರಿ.