ಸರಾಟೊವ್‌ನಲ್ಲಿ ತಯಾರಿ, ಉಪ್ಪಳದಲ್ಲಿ ಚಿಂತೆ: ಹಳೆಯ ಆಂಪ್ಲಿಫೈಯರಿಗೆ ಬದಲಿ ವಾಲ್ವ್ ಹುಡುಕುವವರ ಗಮನಕ್ಕೆ



ಈ ಪುಟದಲ್ಲಿ ಸಾಮಾನ್ಯವಾಗಿ ಶಾಲೆ, ಅಧ್ಯಾಪಕರ ನೇಮಕ, ಕನ್ನಡದ ಅರ್ಜಿ ನಮೂನೆ, ಬಸ್ಸಿನ ಬೋರ್ಡು ಇಂಥ ವಿಷಯಗಳೇ ಬರುವುದು. ಈ ಸಲದ ವಿಷಯ ಸ್ವಲ್ಪ ಬೇರೆ. ಉಪ್ಪಳದ ಸದಸ್ಯರೊಬ್ಬರ ಮನೆಯಲ್ಲಿ ಅವರ ತಂದೆಯವರು ಮುಂಬಯಿಯಿಂದ ತಂದಿದ್ದ ಹಳೆಯ ವಾಕ್ಸ್ ಎಸಿ 30 ಗಿಟಾರ್ ಆಂಪ್ಲಿಫೈಯರ್ ಉಂಟು. ಈಗ ಮಗ ಅದರಲ್ಲಿ ನುಡಿಸುತ್ತಾನೆ. ಕೆಲವು ತಿಂಗಳಿಂದ ಸ್ವರ ಕುಗ್ಗಿದೆ, ಗೊರಗೊರ ಶಬ್ದ ಬರುತ್ತಿದೆ. ರಿಪೇರಿಯವರು ಎಲ್ಲ ವಾಲ್ವ್ ಬದಲಿಸಬೇಕು ಎಂದು ಹೇಳಿದ ಲೆಕ್ಕ ಕೇಳಿ, ಇದನ್ನು ಗುಜರಿಗೆ ಹಾಕುವುದೇ ಲೇಸೋ ಎಂದು ಅವರು ಸಂಘಕ್ಕೆ ಬರೆದು ಕೇಳಿದ್ದಾರೆ. ಅವರ ಪ್ರಶ್ನೆ ಮೂರು. ವಾಲ್ವಿಗೆ ಇಷ್ಟು ಬೆಲೆ ಏಕೆ? ಎಲ್ಲವನ್ನೂ ಬದಲಿಸಲೇಬೇಕೆ? ಬದಲಿಸುವುದಾದರೆ ಯಾವುದನ್ನು ಕೊಳ್ಳಬೇಕು?

ಕಚೇರಿಯಲ್ಲಿ ವರ್ಷಗಟ್ಟಲೆ ದಾಸ್ತಾನು ಪುಸ್ತಕ ಬರೆದ ನನಗೆ ಹಳೆಯ ರೇಡಿಯೊ ಬಿಚ್ಚಿ ಜೋಡಿಸುವ ಹವ್ಯಾಸವೂ ಇರುವುದರಿಂದ ಉತ್ತರಿಸುವ ಧೈರ್ಯ ಮಾಡಿದ್ದೇನೆ. ವಾಲ್ವ್ ರೇಡಿಯೊ, ಹಳೆಯ ಮೈಕ್‌ಸೆಟ್ ಇಟ್ಟುಕೊಂಡ ಮನೆಗಳು ನಮ್ಮ ಗಡಿನಾಡಿನಲ್ಲಿ ಇನ್ನೂ ಇರುವುದರಿಂದ ಉತ್ತರ ಎಲ್ಲರಿಗೂ ಉಪಯೋಗವಾದೀತು.

ಬೆಲೆ ಏರಿದ್ದು ಏಕೆ

ಗಿಟಾರ್ ಆಂಪ್ಲಿಫೈಯರಿಗೆ ಬೇಕಾದ ವಾಲ್ವ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಸ್ಥಳಗಳು ಇಂದು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ: ರಷ್ಯಾದ ಸರಾಟೊವ್ ಪಟ್ಟಣದ ಕಾರ್ಖಾನೆ, ಸ್ಲೊವಾಕಿಯಾದ ಚಾಡ್ಸಾ ಎಂಬ ಊರಿನ ಜೆಜೆ ಇಲೆಕ್ಟ್ರಾನಿಕ್, ಮತ್ತೆ ಚೀನಾದ ಚಾಂಗ್‌ಶಾ ನಗರದ ತಯಾರಕರು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ವೆಸ್ಟರ್ನ್ ಇಲೆಕ್ಟ್ರಿಕ್ ಹೆಸರಿನಲ್ಲಿ 300ಬಿ ಎಂಬ ವಾಲ್ವ್ ತಯಾರಾಗುತ್ತದೆ. ಆದರೆ ಅದು ಸಂಗೀತ ಕೇಳುವ ದುಬಾರಿ ಯಂತ್ರಗಳಿಗೆ ಬೇಕಾದ್ದು, ನಮ್ಮ ಸದಸ್ಯರ ಕೆಲಸಕ್ಕೆ ಬರುವುದಿಲ್ಲ.

ಚೀನಾದ ಹಳೆಯ ದೊಡ್ಡ ಕಾರ್ಖಾನೆ ಶುಗ್ವಾಂಗ್‌ನಿಂದ ಬರುವ ಮಾಲು 2022ರ ಮೊದಲೇ ಕುಗ್ಗಿತ್ತು. ಆ ವರ್ಷ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಮಾರ್ಚ್‌ನಲ್ಲಿ ರಷ್ಯಾ ಸರಕಾರ ಇನ್ನೂರಕ್ಕೂ ಹೆಚ್ಚು ಬಗೆಯ ಸಾಮಾನುಗಳ ರಫ್ತು ನಿಲ್ಲಿಸಿತು. ಸರಾಟೊವ್ ಕಾರ್ಖಾನೆಯ ಮಾಲೀಕತ್ವ ಇರುವುದು ನ್ಯೂಯಾರ್ಕಿನ ನ್ಯೂ ಸೆನ್ಸರ್ ಕಂಪೆನಿಯ ಕೈಯಲ್ಲಿ. ಗಿಟಾರಿನವರಿಗೆ ಪರಿಚಿತವಾದ ಇಲೆಕ್ಟ್ರೊ-ಹಾರ್ಮೊನಿಕ್ಸ್ ಕಂಪೆನಿಯನ್ನು 1968ರಲ್ಲಿ ಕಟ್ಟಿದ ಮೈಕ್ ಮ್ಯಾಥ್ಯೂಸ್ ಅದರ ಯಜಮಾನರು. ಇನ್ನು ಮಾಲು ಕಳಿಸಲಾಗದು ಎಂದು ಅವರು ಪ್ರಕಟಿಸಿದ್ದೇ ತಡ, ಅಂಗಡಿಗಳಲ್ಲಿದ್ದ ದಾಸ್ತಾನು ಬರಿದಾಯಿತು. ಸ್ವಲ್ಪ ಸಮಯದಲ್ಲೇ ರಫ್ತಿಗೆ ಪುನಃ ಅನುಮತಿ ಸಿಕ್ಕಿತು, ಆದರೆ ದರ ಏರಿಸಿಯೇ ಕಳಿಸಿದರು. ಏಪ್ರಿಲ್‌ನಲ್ಲಿ ಅಮೆರಿಕವು ರಷ್ಯಾಕ್ಕೆ ಕೊಟ್ಟಿದ್ದ ಸಾಮಾನ್ಯ ವ್ಯಾಪಾರದ ದರ್ಜೆಯನ್ನು ಹಿಂತೆಗೆದುಕೊಂಡಿತು, ಸುಂಕ ಹೆಚ್ಚಿತು. ರಷ್ಯಾದ ಮಾಲು ಬಿಟ್ಟವರು ಸ್ಲೊವಾಕಿಯಾದ ಬಾಗಿಲಲ್ಲಿ ಸಾಲು ನಿಂತರು, ಅಲ್ಲಿಯೂ ಕಾಯಬೇಕಾಯಿತು.

ನಮ್ಮ ದೇಶ ರಷ್ಯಾದ ಜತೆ ವ್ಯಾಪಾರ ನಿಲ್ಲಿಸಿಲ್ಲವಲ್ಲ, ಇಲ್ಲೇಕೆ ಬೆಲೆ ಏರಬೇಕು ಎಂದು ಕೆಲವರು ಕೇಳಬಹುದು. ಗಿಟಾರ್ ವಾಲ್ವ್ ನಮಗೆ ಬರುವುದು ಹೆಚ್ಚಾಗಿ ಅಮೆರಿಕ, ಯುರೋಪಿನ ವಿತರಕರ ಮೂಲಕ. ಅವರ ಬೆಲೆ, ವಿಮಾನದ ಬಾಡಿಗೆ, ಇಲ್ಲಿಯ ಆಮದು ಸುಂಕ ಎಲ್ಲ ಸೇರಿಯೇ ಉಪ್ಪಳದ ಲೆಕ್ಕ ಆಗುವುದು. ಒಂದು ವಸ್ತು ಎರಡು ಮೂರು ಊರುಗಳಲ್ಲಿ ಮಾತ್ರ ತಯಾರಾದರೆ ಅಲ್ಲಿಯ ಜಗಳ ನಮ್ಮ ಮನೆಯ ಜಗಲಿಗೂ ಬರುತ್ತದೆ.

ಬೆಂಗಳೂರಿನ ವಾಲ್ವ್

ಒಂದು ಕಾಲದಲ್ಲಿ ಈ ವಾಲ್ವ್ ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು ಎಂಬುದು ನಮ್ಮ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ರಕ್ಷಣಾ ಇಲಾಖೆಯ ಅಧೀನದಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಇಲೆಕ್ಟ್ರಾನಿಕ್ಸ್, ಎಲ್ಲರ ಬಾಯಲ್ಲಿ ಬಿಇಎಲ್, 1961ರಲ್ಲಿ ಜಾಲಹಳ್ಳಿಯಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿ ಆರಂಭಿಸಿತು. ತಂತ್ರಜ್ಞಾನ ಹಾಲೆಂಡಿನ ಫಿಲಿಪ್ಸ್ ಕಂಪೆನಿಯದು. ಬ್ರಿಟನ್ನಿನ ಮುಲ್ಲಾರ್ಡ್ ಕೂಡ ಫಿಲಿಪ್ಸ್ ಬಳಗದ್ದೇ ಆದ್ದರಿಂದ ಬಿಇಎಲ್ ವಾಲ್ವ್ ಅದೇ ಮನೆತನದ್ದು ಎನ್ನಬಹುದು.

ಮಂಗಳೂರು ಆಕಾಶವಾಣಿ ಆರಂಭವಾದದ್ದು 1976ರ ಡಿಸೆಂಬರ್ 11ರಂದು. ಅದಕ್ಕೆ ಮೊದಲು, 1956ರಲ್ಲಿ ಕೇರಳಕ್ಕೆ ಸೇರಿಹೋದ ನಮ್ಮ ಊರುಗಳಲ್ಲಿ ಕನ್ನಡ ಕಾರ್ಯಕ್ರಮ ಕೇಳಬೇಕಾದರೆ ಬೆಂಗಳೂರು, ಧಾರವಾಡ ನಿಲಯಗಳನ್ನು ಹುಡುಕಿ ಹಿಡಿಯಬೇಕಿತ್ತು. ಹಾಗೆ ಹಿಡಿದುಕೊಟ್ಟ ಪೆಟ್ಟಿಗೆಗಳ ಒಳಗೆ ಇಸಿಎಚ್ 81, ಇಬಿಎಫ್ 89, ಇಎಲ್ 84 ಎಂಬ ವಾಲ್ವ್‌ಗಳು ಉರಿಯುತ್ತಿದ್ದವು. ಟ್ರಾನ್ಸಿಸ್ಟರ್ ಬಂದ ಮೇಲೆ ಅವು ಅಟ್ಟ ಸೇರಿದವು. ಗುಜರಿಯವರು ಅವನ್ನು ತೂಕದ ಲೆಕ್ಕದಲ್ಲಿ ಒಯ್ದರು. ಬಿಇಎಲ್ ಹೆಸರಿನ ಹಳೆಯ ಇಎಲ್ 84 ಮತ್ತು ಇಸಿಸಿ 83 ವಾಲ್ವ್‌ಗಳನ್ನು ಇಂದು ವಿದೇಶದ ಗಿಟಾರಿನವರು ಹುಡುಕಿ ಕೊಳ್ಳುತ್ತಾರೆ. ಅದೇ ಇಎಲ್ 84 ನಮ್ಮ ಸದಸ್ಯರ ಎಸಿ 30ಕ್ಕೂ ಬೇಕಾದ ವಾಲ್ವ್.

ಮೊದಲು ಪರೀಕ್ಷೆ, ಆಮೇಲೆ ಖರೀದಿ

ಇನ್ನು ಎರಡನೆಯ ಪ್ರಶ್ನೆ. ಎಲ್ಲ ವಾಲ್ವ್ ಬದಲಿಸಬೇಕು ಎನ್ನುವುದು ರಿಪೇರಿಯವರಿಗೆ ಸುಲಭದ ದಾರಿ, ಮಾಲೀಕರಿಗೆ ದಂಡ. ವಾಲ್ವ್‌ಗಳೆಲ್ಲ ಒಂದೇ ರೀತಿ ಸವೆಯುವುದಿಲ್ಲ.

ಎಸಿ 30ರಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಇಎಲ್ 84 ನಾಲ್ಕು, ವಿದ್ಯುತ್ತನ್ನು ಏಕಮುಖ ಮಾಡುವ ಜಿಝಡ್ 34 ಒಂದು, ಉಳಿದವು ಇಸಿಸಿ 83 ವರ್ಗದ ಸಣ್ಣವು. ಅಮೆರಿಕದವರು ಇಸಿಸಿ 83ನ್ನು 12ಎಎಕ್ಸ್7 ಎಂದೂ ಇಎಲ್ 84ನ್ನು 6ಬಿಕ್ಯೂ5 ಎಂದೂ ಕರೆಯುತ್ತಾರೆ. ಎರಡು ಬೇರೆ ಬೇರೆ ಎಂದು ಗಾಬರಿಯಾಗಬೇಡಿ. ಎಸಿ 30 ತನ್ನ ಇಎಲ್ 84ಗಳನ್ನು ಮಿತಿಯ ಅಂಚಿನಲ್ಲೇ ದುಡಿಸುವ ಯಂತ್ರ, ಹಾಗಾಗಿ ಅವು ಬೇಗ ಸವೆಯುತ್ತವೆ. ಸಣ್ಣವು ಮಾತ್ರ ಹತ್ತಾರು ವರ್ಷ ಬಾಳಿದ ಉದಾಹರಣೆಗಳು ಬೇಕಾದಷ್ಟಿವೆ. ಆದ್ದರಿಂದ ನಾಲ್ಕು ದೊಡ್ಡವನ್ನು ಸಂಶಯಿಸಿ, ಸಣ್ಣವನ್ನು ಪರೀಕ್ಷಿಸದೆ ತೆಗೆಯಬೇಡಿ.

ಕಣ್ಣಿನಿಂದಲೇ ಗೊತ್ತಾಗುವ ಗುರುತುಗಳಿವೆ. ಗಾಜಿನ ನೆತ್ತಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಂತೆ. ಒಳಗಿನ ಬೂದು ತಗಡು ಕೆಂಪಗೆ ಕಾದರೆ ಕೂಡಲೇ ಸ್ವಿಚ್ ಆರಿಸಬೇಕು. ಯಂತ್ರ ನಡೆಯುತ್ತಿರುವಾಗ ಸಣ್ಣ ವಾಲ್ವಿನ ಗಾಜಿಗೆ ಮರದ ಪೆನ್ಸಿಲಿನಿಂದ ಮೆಲ್ಲ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆ ಬಾರಿಸಿದಂತೆ ಕೇಳಿದರೆ ಅದನ್ನು ಬದಲಿಸಬಹುದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ ಉಂಟು. ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ವಾಲ್ವಿನ ಕಾಲುಗಳಿಗೂ ಅವು ಕೂರುವ ಸಾಕೆಟಿಗೂ ಕಿಲುಬು ಹಿಡಿಯುತ್ತದೆ. ಗೊರಗೊರ ಶಬ್ದಕ್ಕೆ ಎಷ್ಟೋ ಸಲ ಅದೇ ಕಾರಣ. ಸಾಕೆಟನ್ನು ಶುಚಿ ಮಾಡಿ ಕಾಲುಗಳು ಬಿಗಿಯಾಗಿ ಕೂರುವಂತೆ ಮಾಡಿದರೆ ಕಾಸು ಖರ್ಚಿಲ್ಲದೆ ಯಂತ್ರ ಸರಿಯಾದರೂ ಆದೀತು.

ಹಳೆಯ ಕೆಪಾಸಿಟರುಗಳನ್ನು ನೋಡದೆ ಹೊಸ ವಾಲ್ವ್ ಹಾಕಿಸಬೇಡಿ. ಸೋರುವ ಒಂದು ಕೆಪಾಸಿಟರ್ ಹೊಸ ಇಎಲ್ 84ನ್ನು ಕೆಲವೇ ದಿನಗಳಲ್ಲಿ ಸುಟ್ಟುಹಾಕುತ್ತದೆ. ಆದರೆ ಈ ಕೆಲಸ ಬಲ್ಲವರದು. ಒಳಗೆ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದುಕೊಂಡಿರಬಹುದು. ಮಕ್ಕಳು ಕುತೂಹಲಕ್ಕೆ ಬಿಚ್ಚದಂತೆ ನೋಡಿಕೊಳ್ಳಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ನಡೆಸಲೂ ಬಾರದು.

ವೋಲ್ಟೇಜಿನ ಲೆಕ್ಕ ನೋಡೋಣ. ಇಎಲ್ 84, ಇಸಿಸಿ 83 ವಾಲ್ವ್‌ಗಳನ್ನು ಕಾಯಿಸುವ ತಂತಿಗೆ ಬೇಕಾದ್ದು 6.3 ವೋಲ್ಟ್, ಶೇಕಡಾ ಹತ್ತರಷ್ಟು ಹೆಚ್ಚು ಕಡಿಮೆ ಸಹಿಸುತ್ತದೆ. ಆಂಪ್ಲಿಫೈಯರನ್ನು 220ಕ್ಕೆ ಇಟ್ಟು, ಮನೆಗೆ 240 ಬಂದರೆ ಅಲ್ಲಿ 6.87 ಆಯಿತು. ಮಿತಿ 6.93. ದಿನವೂ ಮಿತಿಯ ಅಂಚಿನಲ್ಲಿ ಉರಿದ ವಾಲ್ವ್ ಬೇಗ ಮುಗಿಯುತ್ತದೆ. ಹಲವು ಬ್ರಿಟಿಷ್ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ವ್ಯವಸ್ಥೆ ಇದೆ. ಅದು ನಿಮ್ಮ ಮನೆಯ ವಿದ್ಯುತ್ತಿಗೆ ಹೊಂದುವ ಸ್ಥಾನದಲ್ಲಿ ಇದೆಯೇ ಎಂದು ಮೊದಲು ನೋಡಿ.

ಆರಿಸುವುದು ಹೇಗೆ

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಎಸಿ 30ರ ನಾಲ್ಕು ಇಎಲ್ 84ಗಳೂ ಒಂದೇ ರೆಸಿಸ್ಟರಿನ ಮೂಲಕ ಹೊರೆ ಹಂಚಿಕೊಳ್ಳುತ್ತವೆ. ಒಂದು ಹೆಚ್ಚು ಎಳೆದರೆ ಇನ್ನೊಂದು ಸುಮ್ಮನಿರುತ್ತದೆ. ಆದ್ದರಿಂದ ಅಳತೆ ಮಾಡಿ ಹೊಂದಿಸಿದ ನಾಲ್ಕರ ಕಟ್ಟನ್ನೇ ಕೇಳಿ ಕೊಳ್ಳಬೇಕು. ಇದರಲ್ಲಿ ಬಯಾಸ್ ತಿರುಗಿಸಿ ಸರಿಪಡಿಸುವ ಕೆಲಸ ಇಲ್ಲ. ಆದರೆ ಇಎಲ್ 34 ಇರುವ ಮಾರ್ಷಲ್ ಅಥವಾ 6ಎಲ್6 ಇರುವ ಫೆಂಡರ್ ನಿಮ್ಮದಾದರೆ ಹೊಸ ವಾಲ್ವ್ ಹಾಕಿದ ಮೇಲೆ ಬಯಾಸ್ ನೋಡಿಸಲೇಬೇಕು.

ಪೆಟ್ಟಿಗೆಯ ಮೇಲಿನ ಹೆಸರಿಗೆ ಮರುಳಾಗಬೇಡಿ. ಮುಲ್ಲಾರ್ಡ್, ಟಂಗ್-ಸೋಲ್, ಗೋಲ್ಡ್ ಲಯನ್ ಎಂಬ ಹೆಸರುಗಳು ಇಂದು ನ್ಯೂ ಸೆನ್ಸರ್ ಕೈಯಲ್ಲಿವೆ. ಹೊಸ ಪೆಟ್ಟಿಗೆಯಲ್ಲಿ ಆ ಹೆಸರು ಕಂಡರೆ ಒಳಗಿರುವುದು ಸರಾಟೊವ್‌ನ ಮಾಲು. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆದರೆ ಬ್ರಿಟನ್ನಿನ ಹಳೆಯ ವಾಲ್ವ್ ಎಂದುಕೊಂಡು ಹೆಚ್ಚು ಹಣ ಕೊಡಬಾರದು.

ನಿಜವಾದ ಹಳೆಯ ದಾಸ್ತಾನು ಎಂದು ಮಾರುವವರಲ್ಲಿ ಬಳಸಿದ್ದನ್ನು ಒರಸಿ, ಹೊಸ ಹೆಸರು ಅಚ್ಚು ಹಾಕಿ ಕೊಡುವವರೂ ಇದ್ದಾರೆ. ಟೆಸ್ಟರಿನ ಅಳತೆ ಬರೆದು ಕೊಡುತ್ತಾರೆಯೇ, ಸರಿಯಾಗದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಎರಡಕ್ಕೂ ಹೂಂ ಎನ್ನದವರಲ್ಲಿ ಕೊಳ್ಳಬೇಡಿ. ಸರಕಾರಿ ಖರೀದಿಯಂತೆ ಮೂರು ಕಡೆಯ ದರ ತರಿಸಿ, ಸುಂಕ ಮತ್ತು ಸಾಗಾಟ ಸೇರಿಸಿಯೇ ಹೋಲಿಸಿ.

ಅಟ್ಟದಿಂದ ವಾಲ್ವ್ ತೆಗೆಯುವವರು ಮೊದಲ ಅಕ್ಷರ ಗಮನಿಸಬೇಕು. ಇ ಎಂದರೆ 6.3 ವೋಲ್ಟಿನದು. ಪಿ ಎಂಬುದು ಹಳೆಯ ಟಿವಿಗಳದ್ದು, ಯು ಎಂಬುದು ಎಸಿ-ಡಿಸಿ ರೇಡಿಯೊಗಳದ್ದು. ಪಿಎಲ್ 84 ನೋಡಲು ಇಎಲ್ 84ರ ಅವಳಿಯಂತೆ ಇದ್ದರೂ ಅದಕ್ಕೆ 15 ವೋಲ್ಟ್ ಬೇಕು. ಸಾಕೆಟಿನಲ್ಲಿ ಕೂರುತ್ತದೆ, ಕೆಲಸ ಮಾಡುವುದಿಲ್ಲ.

ಒಟ್ಟಿನಲ್ಲಿ ಉಪ್ಪಳದ ಸದಸ್ಯರಿಗೆ ನನ್ನ ಸಲಹೆ ಹೀಗಿದೆ. ಸಾಕೆಟ್ ಶುಚಿ ಮಾಡಿಸಿ, ಕೆಪಾಸಿಟರ್ ನೋಡಿಸಿ. ಆಮೇಲೂ ಸ್ವರ ಕುಗ್ಗಿದ್ದರೆ ನಾಲ್ಕು ಇಎಲ್ 84ಗಳನ್ನು ಮಾತ್ರ ಈಗಿನ ತಯಾರಿಯ, ಹೊಂದಿಸಿದ ಕಟ್ಟಾಗಿ ತರಿಸಿ. ಸ್ಲೊವಾಕಿಯಾದ್ದು ಸಾಕು. ಸಣ್ಣ ವಾಲ್ವ್‌ಗಳಲ್ಲಿ ಪರೀಕ್ಷೆಯಲ್ಲಿ ಸೋತದ್ದನ್ನಷ್ಟೇ ಬದಲಿಸಿ. ಜಿಝಡ್ 34 ಹಳೆಯ ಮುಲ್ಲಾರ್ಡ್ ಆಗಿದ್ದು ಕೆಲಸ ಮಾಡುತ್ತಿದ್ದರೆ ಯಾರು ಹೇಳಿದರೂ ತೆಗೆಸಬೇಡಿ. ರಿಪೇರಿಯವರು ಹೇಳಿದ ಮೊತ್ತದ ಒಂದು ಭಾಗದಲ್ಲೇ ಕೆಲಸ ಮುಗಿಯಬೇಕು. ತಂದೆಯವರ ಯಂತ್ರವನ್ನು ಗುಜರಿಗೆ ಹಾಕುವ ಅಗತ್ಯ ಕಾಣುವುದಿಲ್ಲ.

ಸದಸ್ಯರಲ್ಲಿ ಒಂದು ವಿನಂತಿ

ಸರಾಟೊವ್‌ನಲ್ಲಿ ಏನಾಗಬೇಕೆಂದು ನಾವು ನಿರ್ಧರಿಸುವಂತಿಲ್ಲ. ಬೆಂಗಳೂರಿನಲ್ಲಿ ಪುನಃ ರೇಡಿಯೊ ವಾಲ್ವ್ ಮಾಡಿ ಎಂದು ಮನವಿ ಕೊಟ್ಟರೂ ಪ್ರಯೋಜನವಿಲ್ಲ, ಅಷ್ಟು ಗಿರಾಕಿಗಳಿಲ್ಲ. ನಮ್ಮ ಕೈಯಲ್ಲಿರುವುದು ನಮ್ಮ ಅಟ್ಟದ ದಾಸ್ತಾನು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲೂ ಗಡಿಯಾಚೆ ಸುಳ್ಯ, ಪುತ್ತೂರು, ವಿಟ್ಲದಲ್ಲೂ ಹಾಳಾದ ವಾಲ್ವ್ ರೇಡಿಯೊ ಇನ್ನೂ ಇದ್ದೀತು. ಪೆಟ್ಟಿಗೆ ಹಾಳಾದರೂ ಒಳಗಿನ ವಾಲ್ವ್ ಜೀವಂತ ಇರಬಹುದು.

ಮುಂದಿನ ಮಳೆಗಾಲಕ್ಕೆ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ. ಗಾಜಿನ ಮೇಲಿನ ಅಕ್ಷರ, ಸಂಖ್ಯೆ, ತಯಾರಕರ ಹೆಸರು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿ. ಅಚ್ಚು ಬೆರಳು ತಾಗಿದರೆ ಅಳಿದುಹೋಗುತ್ತದೆ, ಒರಸಲು ಹೋಗಬೇಡಿ. ವಾಲ್ವ್ ನಿಮ್ಮಲ್ಲೇ ಇರಲಿ, ಪಟ್ಟಿ ಮಾತ್ರ ನಮ್ಮಲ್ಲಿರುತ್ತದೆ. ಯಾರಿಗೆ ಯಾವುದು ಬೇಕು, ಯಾರಲ್ಲಿ ಯಾವುದಿದೆ ಎಂಬ ಪುಸ್ತಕವನ್ನು ನಾನೇ ಬರೆದಿಡುತ್ತೇನೆ. ಕೊಡುವುದು, ಕೊಳ್ಳುವುದು, ಬೆಲೆ ಎಲ್ಲ ಅವರವರೊಳಗೆ ಆಗಲಿ, ಸಂಘಕ್ಕೆ ಅದರಲ್ಲಿ ಪಾಲಿಲ್ಲ. ವಾಲ್ವ್ ಯಂತ್ರ ರಿಪೇರಿ ಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಅವರ ಒಪ್ಪಿಗೆ ಪಡೆದು ಅದನ್ನೂ ತಿಳಿಸಿ. ವಾಲ್ವ್‌ಗಿಂತ ಬೇಗ ಕಡಿಮೆಯಾಗುತ್ತಿರುವುದು ಅವರ ಸಂಖ್ಯೆ.

– ಕಾರ್ಯದರ್ಶಿ