ಹಳೆಯ ನೌಕಾಧಿಕಾರಿಗಳ ಭಾವಚಿತ್ರಗಳು

ಅಂಚೆಯ ಚೀಟಿ, ನಾಣ್ಯ, ಚಿಟ್ಟೆ ಮೊದಲಾದುವನ್ನು ಕೂಡಿಡುವವರ ಸಂಗತಿಯು ವಾಚಕರಿಗೆ ಪರಿಚಿತವಾದುದೇ. ತಮಗೆ ಯಾವ ನಂಟೂ ಇಲ್ಲದ, ಕಾಲವಾಗಿ ನೂರು ವರ್ಷಗಳಿಗೆ ಮೇಲಾದ ನೌಕಾಧಿಕಾರಿಗಳ ಭಾವಚಿತ್ರಗಳನ್ನು ಅರಸಿ ಕೊಳ್ಳುವ ಮಹನೀಯರೂ ಇರುವರೆಂದರೆ ಕೆಲವರಿಗೆ ನಗು ಬಂದೀತು. ಆದರೆ 1861ರಿಂದ 1865ರ ವರೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಅಂತರ್ಯುದ್ಧದ ಚಿತ್ರಗಳಿಗೆ ಇಂದಿಗೂ ಬೇಡಿಕೆಯುಂಟು. ಭೂಸೈನ್ಯದವರ ಚಿತ್ರಗಳು ಹೇರಳವಾಗಿ ದೊರೆಯುವುವು. ನೌಕಾಬಲವು ಅದಕ್ಕಿಂತ ಬಹಳ ಚಿಕ್ಕದಾಗಿದ್ದುದರಿಂದ ಅದರ ಅಧಿಕಾರಿಗಳ ಚಿತ್ರಗಳು ವಿರಳ.

ಇವುಗಳಲ್ಲಿ ಹೆಚ್ಚಿನವು ‘ಕಾರ್ತ್ ದ ವಿಸೀತ್’ ಎಂಬ ಜಾತಿಯವು. ಪ್ಯಾರಿಸ್ಸಿನ ದಿಸ್ದೇರಿ ಎಂಬಾತನು 1854ರಲ್ಲಿ ಇದರ ಹಕ್ಕನ್ನು ಪಡೆದನು. ಒಂದೇ ಗಾಜಿನ ಫಲಕದಲ್ಲಿ ಹಲವು ಚಿತ್ರಗಳನ್ನು ತೆಗೆದು, ಮೊಟ್ಟೆಯ ಬಿಳಿಯ ಲೋಳೆಯನ್ನು ಸವರಿದ ತೆಳುಕಾಗದದ ಮೇಲೆ ಅಚ್ಚಿಳಿಸಿ, ಸುಮಾರು 2½ ಅಂಗುಲ ಅಗಲ, 4 ಅಂಗುಲ ಉದ್ದದ ರಟ್ಟಿಗೆ ಅಂಟಿಸುವರು. ಬೆಲೆಯು ಅಗ್ಗವಾಗಿದ್ದುದರಿಂದ ಅಧಿಕಾರಿಯು ಹಡಗನ್ನೇರುವ ಮುನ್ನ ಹಲವು ಪ್ರತಿಗಳನ್ನು ಮಾಡಿಸಿ, ತಾಯಿಗೊಂದು, ಹೆಂಡತಿಗೊಂದು, ಜತೆಯವರಿಗೊಂದೊಂದು ಎಂದು ಹಂಚುವುದು ಸಾಧ್ಯವಾಯಿತು. ಫ್ಯಾರಗಟ್ಟನಂಥ ಪ್ರಸಿದ್ಧರ ಚಿತ್ರಗಳಾದರೋ ಅಂಗಡಿಯಲ್ಲಿಯೇ ಮಾರಾಟವಾಗುತ್ತಿದ್ದುವು. ನಮ್ಮ ಮಟ್ಟಿಗೆ, ಹತ್ತನೆಯ ಫ್ಯಾರಗಟ್ಟನಿಗಿಂತ ಯಾರೂ ಕೇಳರಿಯದ ಒಬ್ಬ ಇಂಜಿನಿಯರನ ಚಿತ್ರವೇ ಮೇಲು. ಆದರೆ ಆತನ ಹೆಸರು ತಿಳಿದಿರಬೇಕು.

ಕಷ್ಟವಿರುವುದು ಅಲ್ಲಿಯೇ. ರಟ್ಟಿನ ಹಿಂಬದಿಯಲ್ಲಿ ಅನೇಕ ವೇಳೆ ಛಾಯಾಗ್ರಾಹಕನ ವಿಳಾಸ ಮಾತ್ರ ಇರುವುದು, ಕುಳಿತವನ ಹೆಸರಿಲ್ಲ. ಆಗ ತೋಳಿನ ತುದಿಯ ಜರಿಪಟ್ಟಿಗಳನ್ನು ಎಣಿಸಬೇಕು. ಎಣಿಸಿದ ಮಾತ್ರಕ್ಕೆ ಸಾಲದು. 1862ರ ಜುಲೈವರೆಗೆ ಮೂರು ಪಟ್ಟಿಗಳೆಂದರೆ ಕಪ್ತಾನ. ಆ ತಿಂಗಳ ಕೊನೆಯಲ್ಲಿ ಉತ್ತರದ ನೌಕಾಬಲದ ನಿಯಮವು ಬದಲಾಗಿ ಅದೇ ಮೂರು ಪಟ್ಟಿಗಳು ಬರಿಯ ಲೆಫ್ಟಿನೆಂಟನವಾದುವು. ಕಪ್ತಾನನಿಗೆ ಆರು, ಹೊಸದಾಗಿ ಹುಟ್ಟಿದ ರಿಯರ್ ಅಡ್ಮಿರಲ್ ಪದವಿಗೆ ಎಂಟು. 1863ರಲ್ಲಿ ಹಡಗನ್ನು ನಡೆಸಿ ಕಾದುವ ಅಧಿಕಾರಿಗಳಿಗೆ ಪಟ್ಟಿಗಳ ಮೇಲೊಂದು ನಕ್ಷತ್ರವೂ ಬಂದಿತು. ವೈದ್ಯರಿಗೂ ಇಂಜಿನಿಯರುಗಳಿಗೂ ಅದಿಲ್ಲ. ಹಿಂಬದಿಯಲ್ಲಿ ತೆರಿಗೆಯ ಸ್ಟಾಂಪಿದ್ದರೆ ಆ ಚಿತ್ರವು 1864ರ ಸೆಪ್ಟೆಂಬರ್ 1ಕ್ಕೂ 1866ರ ಆಗಸ್ಟ್ 1ಕ್ಕೂ ನಡುವೆ ಮಾರಾಟವಾದುದೆಂದು ತಿಳಿಯಬಹುದು. 25 ಸೆಂಟಿನವರೆಗಿನ ಚಿತ್ರಕ್ಕೆ 2 ಸೆಂಟಿನ ತೆರಿಗೆ. ಅಂದಿನ ಜನರು ಈ ತೆರಿಗೆಯನ್ನು ಶಪಿಸಿದ್ದಿರಬೇಕು, ಸಂಗ್ರಹಕಾರರು ಹರಸುವರು.

ದಕ್ಷಿಣದವರ ನೌಕಾಧಿಕಾರಿಗಳ ಚಿತ್ರಗಳು ಮತ್ತಷ್ಟು ವಿರಳ. ‘ಅಲಬಾಮಾ’ ಹಡಗಿನ ಕಪ್ತಾನ ಸೆಮ್ಸನು ತನ್ನ ಫಿರಂಗಿಗೆ ಒರಗಿ ನಿಂತಿರುವ ಪ್ರಸಿದ್ಧ ಚಿತ್ರವನ್ನು ತೆಗೆದುದು 1863ರಲ್ಲಿ, ಆಫ್ರಿಕಾದ ಕೇಪ್‌ಟೌನಿನಲ್ಲಿ. ಅದೇ ಹಡಗು 1864ರ ಜನವರಿಯಲ್ಲಿ ನಮ್ಮ ಮಲಬಾರ್ ತೀರಕ್ಕೂ ಬಂದು, ‘ಎಮ್ಮಾ ಜೇನ್’ ಎಂಬ ಉತ್ತರದವರ ವರ್ತಕನೌಕೆಯನ್ನು ಸುಟ್ಟು, ಸೆರೆಸಿಕ್ಕವರನ್ನು ಅಂಜೆಂಗೋವಿನಲ್ಲಿ ಇಳಿಸಿ ಹೋಯಿತು.

ಹೆಸರು ಗೊತ್ತಿರುವ ಚಿತ್ರಕ್ಕೆ ಬೆಲೆ ಹೆಚ್ಚು. ಆದುದರಿಂದ ಹೆಸರಿಲ್ಲದುದಕ್ಕೆ ತಾವೇ ಒಂದನ್ನು ಬರೆದು ಮಾರುವವರೂ ಉಂಟು. ಅದಕ್ಕಿಂತಲೂ ದೊಡ್ಡ ಅನ್ಯಾಯವು, ನಮ್ಮ ಅಭಿಪ್ರಾಯದಲ್ಲಿ, ಆಲ್ಬಮ್ಮನ್ನು ಬಿಡಿಸಿ ಮಾರುವುದು. ಒಂದೇ ಹಡಗಿನವರು ಪರಸ್ಪರ ಕೊಟ್ಟುಕೊಂಡ ಚಿತ್ರಗಳು ಒಂದೆಡೆ ಇದ್ದರೆ, ಗುರುತು ಸಿಕ್ಕ ಇಬ್ಬರು ಉಳಿದ ಹತ್ತು ಮಂದಿಯ ಪರವಾಗಿ ಸಾಕ್ಷಿ ನುಡಿಯುವರು. ಸರ್ಕಾರವು ವರ್ಷವರ್ಷವೂ ಅಚ್ಚು ಹಾಕಿಸಿದ ಅಧಿಕಾರಿಗಳ ಪಟ್ಟಿಯೊಡನೆ ತಾಳೆನೋಡಿ ಒಬ್ಬೊಬ್ಬರನ್ನೇ ಹೊರಗೆಡಹಬಹುದು. ಬಿಡಿಬಿಡಿಯಾಗಿ ಮಾರಿದೊಡನೆಯೇ ಆ ಸಾಕ್ಷ್ಯವು ಅಳಿಯಿತು. (ನಮ್ಮ ಮನೆಗಳ ಪೆಟ್ಟಿಗೆಯಲ್ಲಿರುವ ಪಟಗಳ ಹಿಂದೆಯೂ, ಗುರುತು ಬಲ್ಲ ಅಜ್ಜಿಯಿರುವಾಗಲೇ ಹೆಸರುಗಳನ್ನು ಬರೆದಿಡುವುದು ಲೇಸು. ಮೆತ್ತನೆಯ ಸೀಸದಕಡ್ಡಿ ಸಾಕು. ಮಸಿಯು ಊರಿ ಮುಂಬದಿಗೆ ಬಂದೀತು.)

ಹೆಸರೊಂದು ತಪ್ಪಿದರೆ ಏನಾಯಿತೆನ್ನುವವರು ‘ಮಾನಿಟರ್’ ಎಂಬ ಕಬ್ಬಿಣದ ಕವಚದ ಹಡಗಿನ ಕಥೆಯನ್ನು ಕೇಳಬೇಕು. 1862ರ ಜುಲೈ 9ರಂದು ಗಿಬ್ಸನ್ ಎಂಬ ಛಾಯಾಗ್ರಾಹಕನು ಅದರ ಅಧಿಕಾರಿಗಳನ್ನೂ ನಾವಿಕರನ್ನೂ ಅಟ್ಟದ ಮೇಲೆ ಕುಳ್ಳಿರಿಸಿ ಚಿತ್ರ ತೆಗೆದನು. ಆ ವರ್ಷದ ಕಡೆಯ ದಿನ ಹಡಗು ಹ್ಯಾಟರಾಸ್ ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ನಾಲ್ವರು ಅಧಿಕಾರಿಗಳೂ ಸೇರಿ 16 ಮಂದಿ ಮಡಿದರು. 2002ರಲ್ಲಿ ಅದರ ಫಿರಂಗಿಯ ಗೋಪುರವನ್ನು ಸಮುದ್ರದಿಂದ ಮೇಲೆತ್ತಿದಾಗ ಅದರೊಳಗೆ ಇಬ್ಬರ ಅಸ್ಥಿಪಂಜರಗಳು ದೊರೆತುವು. ತಲೆಬುರುಡೆಗಳ ಆಧಾರದಿಂದ ಅವರ ಮುಖಗಳನ್ನು ರೂಪಿಸಿ, ಯಾರಾದರೂ ಗುರುತಿಸಿಯಾರೆಂದು 2012ರಲ್ಲಿ ಜನರ ಮುಂದಿಟ್ಟರು. ಯಾವ ಮನೆಯ ಹಳೆಯ ಚಿತ್ರದಿಂದಲೂ ನಿಶ್ಚಯವಾದ ಉತ್ತರವು ಬರಲಿಲ್ಲ. 2013ರ ಮಾರ್ಚ್ 8ರಂದು ಆರ್ಲಿಂಗ್ಟನ್ನಿನ ಸೈನಿಕರ ಸ್ಮಶಾನದಲ್ಲಿ ಅವರಿಬ್ಬರನ್ನೂ ಹೆಸರಿಲ್ಲದೆಯೇ ಮಣ್ಣುಮಾಡಿದರು.